ಅಲ್ಲಾಡಿದ ಪ್ಲೇಟು

"ಏಯ್, ಚರಂಡಿ ಹುಳ! ನಿಲ್ಲೋ ಅಲ್ಲೇ. ಕಂಕುಳಲ್ಲಿ ಏನು ಮುಚ್ಕೊಂಡು ಹೋಗ್ತಿದ್ದೀಯ?"

ಯಜಮಾನ ಕೂಗಿದ್ದು ನೂರು ಜನರ ಮುಂದೆ. ಹಾಲ್ ತುಂಬ ಇಸ್ತ್ರಿ ಮಾಡಿದ ಬಟ್ಟೆ, ಹೊಳೆಯುವ ಬೂಟು, ಮೂಗಿಗೆ ಹಿಡಿದ ಕರವಸ್ತ್ರ. ಪ್ಲೇಗು ಊರು ಬಿಟ್ಟು ತಿಂಗಳಾಗಿತ್ತು. ಇವರು ಕರವಸ್ತ್ರ ಬಿಟ್ಟಿರಲಿಲ್ಲ. ಗೋಡೆಯ ಮೇಲೆ ಸಾಲಾಗಿ ಪ್ಲೇಗಿನ ಪಟಗಳು. ಅವನ್ನು ನೋಡಲು ಬಂದವರೆಲ್ಲ ಈಗ ತಿರುಗಿ ನನ್ನನ್ನು ನೋಡಿದರು.

"ಗಡ್ಡೆ ಇರಬೇಕು ಬಿಡಿ ಸ್ವಾಮಿ, ಕಂಕುಳಲ್ಲಿ," ಅಂದ ಹಿಂದಿನಿಂದ ಯಾರೋ.

ನಕ್ಕರು. ಹೆಂಗಸರೂ ನಕ್ಕರು. ಪ್ಲೇಗು ಬಂದವನಿಗೆ ಮೊದಲು ಗಡ್ಡೆ ಏಳುವುದು ಕಂಕುಳಲ್ಲಿ, ಇಲ್ಲವೇ ತೊಡೆಸಂದಿನಲ್ಲಿ. ನಮ್ಮ ಬೀದಿಯಲ್ಲಿ ಆ ಗಡ್ಡೆ ಎದ್ದು ಮೂವತ್ತೊಂಬತ್ತು ಜನ ಸತ್ತರು. ಹಾಲ್‌ನಲ್ಲಿ ಅದು ತಮಾಷೆ.

"ನನ್ನ ಹತ್ರ ಕೆಲಸಕ್ಕಿದ್ದಾನೆ. ಕಳ್ಳ ನನ್ಮಗ," ಯಜಮಾನ ಪಕ್ಕದಲ್ಲಿದ್ದ ಬಿಳಿ ದೊರೆಯ ಮುಂದೆ ಜನಕ್ಕೆ ಹೇಳಿದ. "ಇವರ ಬೀದಿಯವರೇ ಹೀಗೆ. ಉಂಡ ಮನೆಗೆ ಎರಡು ಬಗೆಯೋರು. ಬಿಚ್ಚೋ ಆ ಬಟ್ಟೇನ!"

ಬಿಚ್ಚಿದೆ. ಬಿಚ್ಚಿದ್ದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಆ ಬಟ್ಟೆಯಲ್ಲಿದ್ದದ್ದು ಏನು, ಅದು ಯಾರದು, ಅದು ಮೊದಲು ತಿಳಿಯಬೇಕು.

ನಾನು ಓದಿದ್ದು ಮೂರನೇ ಕ್ಲಾಸು. ನಾಲ್ಕನೆಯದಕ್ಕೆ ಹೋಗಿ ಕೂತರೆ ಮೇಷ್ಟರು ಬಾಗಿಲ ಕಡೆ ಕೈ ತೋರಿಸಿದರು. ನಮ್ಮಪ್ಪ ಊರಿನ ಚರಂಡಿ ಬಾಚುತ್ತಿದ್ದ. ಮಗನ ಮೈಯೂ ನಾರುತ್ತದೆ ಅಂತ ಮುಂದಿನ ಬೆಂಚಿನವರ ದೂರು. ನಾನು ಬಂದುಬಿಟ್ಟೆ. ಕೂಡಿಸಿ ಕೂಡಿಸಿ ಓದುತ್ತೇನೆ. ಅಷ್ಟು ಸಾಕಾಗಿದೆ.

ಪ್ಲೇಗು ಬಂದಾಗ ನಾನು ಸುಣ್ಣ ಬಳಿಯುವ ಗ್ಯಾಂಗಿನಲ್ಲಿದ್ದೆ. ಸತ್ತವರ ಮನೆಗೆ ಮೊದಲು ಸುಣ್ಣ, ಆಮೇಲೆ ಬಾಗಿಲಿಗೆ ಕೆಂಪು ಗುರುತು. ಬೆರಳ ಸಂದು ಸುಟ್ಟು ಬಿರಿದಿತ್ತು. ಅಲ್ಲಿ ಯಜಮಾನ ನನ್ನನ್ನು ಕಂಡ. ಅವನು ಪಟ ತೆಗೆಯುವವನು. ಪ್ಲೇಗಿನ ಪಟಗಳ ಒಂದು ದೊಡ್ಡ ಆಲ್ಬಮ್ ಮಾಡಿಕೊಡು ಅಂತ ಸರ್ಕಾರದವರು ಅವನಿಗೆ ಹೇಳಿದ್ದರು. ದೊರೆಗಳು ಏನೇನು ಮಾಡಿ ಊರು ಉಳಿಸಿದರು ಅಂತ ಸಮುದ್ರದಾಚೆಯವರಿಗೆ ತೋರಿಸಬೇಕಿತ್ತಂತೆ. ಕ್ಯಾಮೆರಾ ಹೊರಲು ಗಟ್ಟಿ ಕತ್ತಿನವನು ಬೇಕಿತ್ತು. ಅದೂ ಸೋಂಕಿನ ಮನೆಗಳಿಗೆ ಹೆದರದೆ ನುಗ್ಗುವವನು.

"ನಿನಗೆ ಹೆದರಿಕೆ ಇಲ್ವಾ?" ಅಂದ.

"ಹೆದರಿಕೊಂಡು ಎಲ್ಲಿಗೆ ಹೋಗ್ಲಿ ಸ್ವಾಮಿ? ನನ್ನ ಮನೆ ಇರೋದೂ ಅಲ್ಲೇ."

ಅವನು ಬೆನ್ನು ತಟ್ಟಿದ. ನನ್ನನ್ನು ಮುಟ್ಟಿದ ಮೊದಲ ದೊಡ್ಡ ಮನುಷ್ಯ. ಮಗಾ ಅಂತ ಕರೆದ. ನಾನು ಕರಗಿಹೋದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ತಲೆಯ ಮೇಲೆ ಕ್ಯಾಮೆರಾ ಪೆಟ್ಟಿಗೆ. ಹೆಗಲಿಗೆ ಮೂರು ಕಾಲಿನ ಸ್ಟ್ಯಾಂಡು. ಕೈಯಲ್ಲಿ ಗಾಜಿನ ಪ್ಲೇಟುಗಳ ಡಬ್ಬಿ. ಪ್ಲೇಟು ಅಂದರೆ ಅಂಗೈ ಎರಡು ಸೇರಿಸಿದಷ್ಟು ಅಗಲದ ಗಾಜು, ಅದಕ್ಕೆ ಮದ್ದು ಬಳಿದಿರುತ್ತದೆ. ಪಟ ಬೀಳುವುದು ಅದರ ಮೇಲೆ. ಅದನ್ನು ತೊಳೆದು ಕಾಗದಕ್ಕೆ ಇಳಿಸಬೇಕು. ಒಂದು ಒಡೆದರೆ ನನ್ನ ಬೆನ್ನಿಗೆ ಬೆತ್ತ. ಬೀದಿ ಬೀದಿ ಸುತ್ತಿ ಕತ್ತು ಹೆಗಲೊಳಗೆ ಇಳಿದುಹೋಗಿತ್ತು. ಅಕ್ಕ ಆಡಿಕೊಳ್ಳುತ್ತಿದ್ದಳು, "ಏನೋ ಆಮೆ, ತಲೆ ಹೊರಗೆ ಹಾಕೋ, ಊಟ ಬಡಿಸಿದೀನಿ."

ಕೆಲಸದಲ್ಲಿ ಒಂದು ವಿಷಯ ಬೇಗ ಕಲಿತೆ. ಪಟದಲ್ಲಿ ಉಳಿಯುವುದು ಅಲ್ಲಾಡದೆ ನಿಂತವನು. ಹೆಣ ಎತ್ತುವ ನಮ್ಮವರು, ಬುಟ್ಟಿ ಹೊರುವ ನಮ್ಮವರು, ಸುಣ್ಣ ಎರಚುವ ನಮ್ಮವರು ಪಟದಲ್ಲಿ ಬರೀ ಹೊಗೆ. ಕೈ ಕಟ್ಟಿ ನಿಂತ ಡಾಕ್ಟರು, ಇನ್ಸ್‌ಪೆಕ್ಟರು, ದೊರೆ, ಅವರ ಮೀಸೆಯ ಕೂದಲು ಸಹ ಎಣಿಸಬಹುದು. ಒಂದು ಪಟದಲ್ಲಿ ಹೆಣದ ಗಾಡಿ ತಾನೇ ತಾನಾಗಿ ಹೋಗುತ್ತಿದೆ. ಎಳೆಯುವವರು ಇಲ್ಲ. ಎಳೆದವನು ನನ್ನ ಚಿಕ್ಕಪ್ಪ.

"ಕೆಲಸ ಮಾಡೋರು ಬರಲ್ವಲ್ಲ ಸ್ವಾಮಿ," ಅಂದೆ ಒಮ್ಮೆ.

"ನಿಂತ್ಕೊಂಡ್ರೆ ಬರ್ತಾರೆ," ಅಂದ.

ನಿಂತರೆ ಇನ್ಸ್‌ಪೆಕ್ಟರು ಬೂಟುಗಾಲಲ್ಲಿ ಒದೆಯುತ್ತಾನೆ. ಸ್ಟ್ಯಾಂಡು ಹೆಗಲಿಗೇರಿಸಿದೆ.

ಆಲ್ಬಮ್‌ಗೆ ಒಂದು ಪಟ ಬಾಕಿ ಇತ್ತು. ಮನೆಯೊಳಗೆ ರೋಗಿ ಮಲಗಿರಬೇಕು, ಡಾಕ್ಟರು ಕೈ ಹಿಡಿದು ನಾಡಿ ನೋಡುತ್ತಿರಬೇಕು. ಮನೆಯೊಳಗೆ ಬೆಳಕು ಕಡಿಮೆ. ಕ್ಯಾಮೆರಾ ಕಣ್ಣಿನ ಮುಚ್ಚಳ ತೆಗೆದು ಹನ್ನೆರಡು ಎಣಿಸಬೇಕು, ಅಲ್ಲಿಯವರೆಗೆ ರೋಗಿ ಮಿಸುಕಬಾರದು. ಪ್ಲೇಗಿನವರು ಮಿಸುಕದೆ ಇರುತ್ತಾರೆಯೇ? ಜ್ವರಕ್ಕೆ ಹಲ್ಲು ಕಟಕಟ ಕಡಿಯುತ್ತಾರೆ, ಹೊರಳುತ್ತಾರೆ, ಎದ್ದು ಓಡಲು ನೋಡುತ್ತಾರೆ. ಮೂರು ಮನೆ ಸುತ್ತಿದೆವು. ಮೂರು ಪ್ಲೇಟೂ ಕೆಟ್ಟವು. ಮೂರರಲ್ಲೂ ಡಾಕ್ಟರು ಚೆನ್ನಾಗಿ ಬಂದಿದ್ದರು. ಹಾಸಿಗೆ ಮೇಲೆ ಮೋಡ.

"ಸತ್ತೋರನ್ನ ಮಲಗಿಸ್ರೀ, ಅಲ್ಲಾಡಲ್ಲ," ಡಾಕ್ಟರು ನಕ್ಕರು.

"ಸತ್ತೋರ ನಾಡಿ ನೋಡಿದ್ರೆ ನಿಮ್ಮ ಹೆಸರೇ ಹೋಗುತ್ತೆ," ಯಜಮಾನ ಅಂದ. ಆಮೇಲೆ ನನ್ನ ಕಡೆ ತಿರುಗಿದ. "ಮಗಾ, ನಿಮ್ಮನೇಲಿ ಅಕ್ಕ ಇದಾಳಲ್ಲ?"

"ಅವಳು ಚೆನ್ನಾಗಿದಾಳೆ ಸ್ವಾಮಿ. ಒಂದು ಕೆಮ್ಮೂ ಇಲ್ಲ."

"ಅದಕ್ಕೇ ಕೇಳಿದ್ದು. ಸುಮ್ನೆ ಮಲಗಬೇಕು, ಹನ್ನೆರಡು ಎಣಿಸೋವರೆಗೆ. ಆಟ ಅಂದ್ಕೋ. ಆಮೇಲೆ ಅವಳದೇ ಒಂದು ಪಟ ತೆಗೆದು ಕೊಡ್ತೀನಿ. ಕೂತಿರೋದು, ತಲೆ ಬಾಚಿ, ಚೆನ್ನಾಗಿ. ನಿಮ್ಮ ಬೀದೀಲಿ ಯಾರ ಮನೇಲಾದ್ರೂ ಪಟ ಇದೆಯಾ?"

ಇರಲಿಲ್ಲ. ಯಾರ ಮನೆಯಲ್ಲೂ ಇರಲಿಲ್ಲ. ಅಪ್ಪನ ಮುಖ ನನಗೆ ಮರೆತೇ ಹೋಗಿದೆ. ನಾನು ಓಡಿಕೊಂಡು ಹೋಗಿ ಅಕ್ಕನಿಗೆ ಹೇಳಿದೆ.

"ಹೋಗೋ, ನಾನೇನು ಹೆಣವಾ?" ಅಂದಳು. ಕೈಯಲ್ಲಿ ಪೊರಕೆ ಇತ್ತು. ನಾಲ್ಕು ಬೀದಿ ಗುಡಿಸಿ ಬಂದಿದ್ದಳು. ಗಂಡ ಬಿಟ್ಟು ಹೋಗಿ ಮೂರು ವರ್ಷ. ಅವ್ವನನ್ನೂ ನನ್ನನ್ನೂ ಸಾಕಿದವಳು ಅವಳು.

"ಹೆಣ ಅಲ್ಲ, ಕಾಯಿಲೆಯವಳು."

"ಅದೇನು ಬಡ್ತಿಯೋ?" ಅಂದಳು. ಅಷ್ಟರಲ್ಲಿ ಮುಖ ತೊಳೆಯಲು ಹೊರಟಿದ್ದಳು. "ಆಮೇಲೆ ಕೂತ್ಕೊಂಡು ತೆಗೀತಾರೆ ತಾನೆ? ಅವ್ವನ್ನೂ ಪಕ್ಕದಲ್ಲಿ ಕೂರಿಸಿದ್ರೆ ಮಾತ್ರ."

ಅವ್ವ ಮೂಲೆಯಿಂದ ಬೈದಳು. "ಇರೋ ಮೈಗೆ ಇಲ್ಲದ ಕಾಯಿಲೆ ಯಾಕೆ ಕರೀತೀರಿ? ಬೇಡ."

"ಸುಮ್ನಿರವ್ವಾ. ಯಜಮಾನ್ರು ಒಳ್ಳೆಯೋರು," ಅಂದೆ. ಅಂದವನು ನಾನೇ.

ಅವಳು ಚಾಪೆಯ ಮೇಲೆ ಮಲಗಿದಳು. ಮೂಲೆ ಹರಿದ ದುಪ್ಪಟಿಯನ್ನು ಎದೆಯವರೆಗೆ ಹೊದಿಸಿದೆ. ಡಾಕ್ಟರು ಮೊಣಕಾಲೂರಿ ಕೂತು ಅವಳ ಕೈ ಹಿಡಿದರು. ಯಜಮಾನ ಮುಚ್ಚಳ ತೆಗೆದ. ನಾನು ಎಣಿಸಲು ಶುರು ಮಾಡಿದೆ. ಒಂದು, ಎರಡು. ಡಾಕ್ಟರ ಮೀಸೆ ಅವಳ ಮುಖದ ಹತ್ತಿರವೇ ಇತ್ತು. ಅಕ್ಕ ಕಿಸಕ್ಕನೆ ನಕ್ಕಳು. ನಕ್ಕಿದ್ದು ನಿಲ್ಲಲೇ ಇಲ್ಲ. ಹಲ್ಲೆಲ್ಲ ಬಿಟ್ಟು, ಹೆಗಲು ಕುಣಿಸಿ ನಕ್ಕಳು. ತಲೆ ಮಾತ್ರ ಚಾಪೆ ಬಿಟ್ಟು ಕದಲಲಿಲ್ಲ. ಬಾಗಿಲಲ್ಲಿದ್ದ ಅವ್ವನಿಗೂ ನಗು ಬಂತು. ಐದಕ್ಕೆ ಯಜಮಾನ ಮುಚ್ಚಳ ಬಡಿದ.

"ಥೂ! ಹಾಳಾಯ್ತು ಪ್ಲೇಟು. ಅಲ್ಲಾಡಬೇಡ ಅಂದ್ರೆ ಗೊತ್ತಾಗಲ್ವಾ ನಿನಗೆ?"

ಎರಡನೇ ಪ್ಲೇಟಿಗೆ ಅಕ್ಕ ಕಣ್ಣು ಮುಚ್ಚಿದಳು. ಅವಳ ತಲೆಯ ಹತ್ತಿರ ಕೂತು ನಾನೇ ಹೇಳಿದೆ, "ಅಲ್ಲಾಡಬೇಡಕ್ಕಾ. ಉಸಿರು ಬಿಗಿ ಹಿಡಿ." ಹನ್ನೆರಡು ಎಣಿಸಿದೆ. ಅವಳು ಮರದ ಹಾಗೆ ಬಿದ್ದಿದ್ದಳು. ಪಟ ಬಂತು. ಯಜಮಾನ ಕುಣಿದ. ಕೂತಿರುವ ಪಟಕ್ಕೆ ಬೆಳಕು ಹೋಯಿತು, ನಾಳೆ ತೆಗೆಯೋಣ ಅಂದ.

ಕೆಟ್ಟ ಪ್ಲೇಟು ಕೆರೆಯುವುದೂ ನನ್ನದೇ ಕೆಲಸ. ಬಿಸಿನೀರಿಗೆ ಸೋಡಾ ಹಾಕಿ ನೆನೆಸಿದರೆ ಪಟದ ಪೊರೆ ಏಳುತ್ತದೆ. ಮರದ ಚಕ್ಕೆಯಿಂದ ಕೆರೆದರೆ ಬರೀ ಗಾಜು. ಆ ಗಾಜನ್ನು ಒಳ್ಳೆಯ ಪಟಗಳ ಚೌಕಟ್ಟಿಗೆ ಹಾಕುತ್ತಿದ್ದರು. ಎಷ್ಟು ಜನರನ್ನು ನಾನು ಕೆರೆದು ಹಾಕಿದ್ದೇನೋ. ಅಕ್ಕ ನಕ್ಕ ಪ್ಲೇಟನ್ನು ನೀರಿಗೆ ಇಳಿಸಲು ಮಾತ್ರ ಕೈ ಬರಲಿಲ್ಲ. ಬೇಗ ಮುಚ್ಚಳ ಹಾಕಿದ್ದರಿಂದ ಪಟ ತೆಳ್ಳಗೆ ಬಿದ್ದಿತ್ತು. ಅಂಥ ಪ್ಲೇಟಿನ ಗುಟ್ಟು ನನಗೆ ಗೊತ್ತು. ಬೆಳಕಿಗೆ ಹಿಡಿದರೆ ಎಲ್ಲ ತಿರುಗುಮುರುಗು, ಮುಖ ಬಿಳಿ, ಹಲ್ಲು ಕಪ್ಪು, ದೆವ್ವದ ಹಾಗೆ. ಹಿಂದೆ ಕಪ್ಪು ಬಟ್ಟೆ ಇಟ್ಟು ಓರೆಯಾಗಿ ನೋಡಿದರೆ ಮುಖ ಮುಖವಾಗಿಯೇ ಕಾಣುತ್ತದೆ. ಕ್ಯಾಮೆರಾದ ಕರಿಬಟ್ಟೆಯ ಮೇಲಿಟ್ಟು ನೋಡಿದೆ. ಅಕ್ಕ ನಗುತ್ತಿದ್ದಳು. ಒಡೆದುಹೋಯಿತು ಅಂತ ಯಜಮಾನನಿಗೆ ಸುಳ್ಳು ಹೇಳಿದೆ. ಬೆತ್ತದಿಂದ ಎರಡು ಬಿಟ್ಟ. ತಿಂದೆ. ಪ್ಲೇಟನ್ನು ಯಜಮಾನನ ಮನೆಯಲ್ಲಿ ಪಟ ತೊಳೆಯುವ ಕತ್ತಲೆ ಕೋಣೆಯ ಅಟ್ಟದ ಸಂದಿಗೆ ಸೇರಿಸಿದೆ. ಸಂಜೆ ಹೊರಗೆ ಹೋಗುವಾಗ ಕಾವಲುಗಾರ ಮೈ ತಡವುತ್ತಿದ್ದ, ಮನೆಗೆ ಒಯ್ಯುವ ಹಾಗಿರಲಿಲ್ಲ.

ನಾಳೆ ಬರಲಿಲ್ಲ. ನಾಲ್ಕನೇ ದಿನ ರೋಗಿಗಳನ್ನು ಒಯ್ಯುವ ಗಾಡಿ ಬಂತು.

ಎರಡನೇ ಪ್ಲೇಟಿನ ಪಟ ಪ್ಲೇಗ್ ಆಫೀಸಿಗೆ ಹೋಗಿತ್ತು. ಅಲ್ಲಿ ಒಬ್ಬ ಗುಮಾಸ್ತ. ಪಟದ ಹಿಂದೆ ಬರೆದಿದ್ದ ಬೀದಿ, ಮನೆ ನೋಡಿದ. ತನ್ನ ಪಟ್ಟಿ ನೋಡಿದ. ಪಟದಲ್ಲಿ ರೋಗಿ ಇದ್ದಾಳೆ, ರೋಗಿಗಳನ್ನು ಒಯ್ದಿಡುವ ಶೆಡ್ಡಿನ ಪಟ್ಟಿಯಲ್ಲಿ ಇಲ್ಲ. ಅಂದರೆ ಮನೆಯವರು ಬಚ್ಚಿಟ್ಟಿದ್ದಾರೆ. ಅಷ್ಟೇ ಅವನ ಲೆಕ್ಕ.

ಅಕ್ಕ ಬೀದಿ ಗುಡಿಸುತ್ತಿದ್ದಳು. ಪೊರಕೆ ಹಿಡಿದವಳನ್ನೇ ಹಿಡಿದರು.

"ನನಗೇನಾಗಿದೆ? ಮುಟ್ಟಿ ನೋಡ್ರೋ! ಜ್ವರ ಎಲ್ಲಿದೆ? ಗಡ್ಡೆ ಎಲ್ಲಿದೆ?" ಕೂಗಿದಳು. ಬೀದಿಯ ನಡುವೆ ಕೈ ಎತ್ತಿಸಿ, ಕುಪ್ಪಸ ಸರಿಸಿ, ಕಂಕುಳು ತಡವಿ ನೋಡಿದರು. ಏನೂ ಸಿಗಲಿಲ್ಲ. ಆದರೂ ಬಿಡಲಿಲ್ಲ. ಇನ್ಸ್‌ಪೆಕ್ಟರು ಪಟ ತೋರಿಸಿ, "ಇದು ನೀನೇ ತಾನೆ?" ಅಂದ. ಅವಳು ಹೌದು ಅಂದಳು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಮನೆಯೊಳಗೆ ಚಾಪೆ, ದುಪ್ಪಟಿ, ಬಟ್ಟೆ ಎಲ್ಲ ಒಂದು ಗೋಡೆಗೆ ಒಟ್ಟಿ ಬೆಂಕಿ ಇಟ್ಟರು. ಗೋಡೆ ಸೂರಿನವರೆಗೆ ಕಪ್ಪಾಯಿತು.

ನಾನು ಯಜಮಾನನ ಬಳಿ ಓಡಿದೆ. ಕಾಲು ಹಿಡಿದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಬೂಟಿನ ಮೇಲೆ ಹಣೆ ಇಟ್ಟೆ.

"ಒಂದು ಮಾತು ಹೇಳಿ ಸ್ವಾಮಿ. ಅವಳು ಸುಮ್ನೆ ಮಲಗಿದ್ಲು, ಪಟಕ್ಕೆ ಅಂತ ಮಲಗಿದ್ಲು ಅಂತ. ಒಂದೇ ಮಾತು."

"ನಾಳೆ ಕಾಗದ ಬರೀತೀನಿ. ಏಳು."

ಮರುದಿನ ಕೇಳಿದೆ. ಅದರ ಮರುದಿನ ಕೇಳಿದೆ. ಮೂರನೆಯ ದಿನ ಬಾಗಿಲು ಮುಂದೆ ಮಾಡಿಕೊಂಡು ಹೇಳಿದ, "ನೋಡು ಮಗಾ, ಅದೊಂದು ಪಟ ಸುಳ್ಳು ಅಂದ್ರೆ ಆಲ್ಬಮ್ ಪೂರ್ತಿ ಸುಳ್ಳು ಅಂತಾರೆ. ಹತ್ತು ದಿನ ನೋಡಿ ಶೆಡ್ಡಿಂದ ಬಿಟ್ಟೇ ಬಿಡ್ತಾರೆ. ಕಾಯಿಲೆ ಇಲ್ದೋಳಿಗೆ ಏನಾಗುತ್ತೆ?"

ಶೆಡ್ಡು ಅಂದರೆ ಬಯಲಿನಲ್ಲಿ ತಗಡಿನ ಮಾಡು, ಅದರ ಕೆಳಗೆ ಅರವತ್ತು ಹಾಸಿಗೆ. ಈ ಕಡೆಯವನು ರಕ್ತ ಕಾರಿದರೆ ಆ ಕಡೆಯವಳ ದುಪ್ಪಟಿಗೆ ಸಿಡಿಯುತ್ತಿತ್ತು. ಮನೆಯವರನ್ನು ಬೇಲಿಯ ಈಚೆಗೇ ತಡೆಯುತ್ತಿದ್ದರು. ಅವ್ವ ಬೇಲಿ ಹಿಡಿದು ನಿಂತೇ ಇದ್ದಳು. ನನಗೆ ಮಾತ್ರ ಒಳಗೆ ಹೋಗಲು ಸಿಕ್ಕಿತು. ಯಾಕೆ ಗೊತ್ತೇ? ಹಾಸಿಗೆಗಳ ಸಾಲಿನ ಪಟ ತೆಗೆಯಲು ಯಜಮಾನ ಹೊರಟ. ಪೆಟ್ಟಿಗೆ ಹೊರಲು ನಾನು ಬೇಕಿತ್ತು. ಅಕ್ಕನನ್ನು ನೋಡಲು ನಾನು ಅವನ ಪೆಟ್ಟಿಗೆ ಹೊತ್ತೆ.

ಅವಳನ್ನು ಶೆಡ್ಡಿಗೆ ಹಾಕಿದ ಒಂಬತ್ತನೇ ದಿನ ಅದು. ನಾಲ್ಕನೇ ಹಾಸಿಗೆಯಲ್ಲಿದ್ದಳು. ಈಗ ನಿಜವಾಗಿ ಬಂದಿತ್ತು. ಕಂಕುಳಲ್ಲಿ ನಿಂಬೆ ಗಾತ್ರದ ಗಡ್ಡೆ. ಕೈ ಮೈಗೆ ತಾಗದ ಹಾಗೆ ದೂರ ಚಾಚಿ ಮಲಗಿದ್ದಳು. ನಾನು ಸ್ಟ್ಯಾಂಡು ಊರಿದೆ. ಅವಳು ಕ್ಯಾಮೆರಾ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ತಮ್ಮಾ, ಈಗ ಅಲ್ಲಾಡಬಹುದಾ?"

ನಾನು ಸ್ಟ್ಯಾಂಡಿನ ತಿರುಪು ಬಿಗಿದೆ. ಯಜಮಾನ ಕರಿಬಟ್ಟೆಯೊಳಗೆ ತಲೆ ತೂರಿಸಿದ್ದ.

ಹನ್ನೊಂದನೇ ದಿನ ಸತ್ತಳು. ಹೆಣ ಕೊಡಲಿಲ್ಲ. ಎಲ್ಲರನ್ನೂ ಸೇರಿಸಿ ಸುಟ್ಟರು.

ಅವ್ವ ನನ್ನ ಮೇಲೆ ಕೈ ಎತ್ತಲಿಲ್ಲ. ಅತ್ತು ಕರೆದು ಮಾಡಲಿಲ್ಲ. ಒಂದೇ ಒಂದು ಸಲ ಬಾಯಿ ಬಿಟ್ಟಳು. "ಅವಳ ಮುಖ ತಂದುಕೊಡು. ಆಮೇಲೆ ನನ್ನ ಹತ್ರ ಮಾತಾಡು." ಅಷ್ಟೇ. ಅಂದಿನಿಂದ ತಟ್ಟೆ ಇಡುತ್ತಾಳೆ, ತಿರುಗಿ ಕೂರುತ್ತಾಳೆ. ಒಂದೇ ಕೋಣೆಯಲ್ಲಿ ನಲವತ್ತು ದಿನ.

ನೀವು ಕೇಳುತ್ತೀರಿ, ಆಮೇಲೂ ಅವನ ಹತ್ತಿರ ಯಾಕೆ ದುಡಿದೆ ಅಂತ. ಅಟ್ಟದ ಪ್ಲೇಟು ಯಾವತ್ತು ಬೇಕಾದರೂ ಕಾವಲುಗಾರನ ಕೈಗೆ ಸಿಗಬಹುದಿತ್ತು, ಅದನ್ನು ಅಲ್ಲಿ ಬಿಟ್ಟು ಬರುವ ಹಾಗಿರಲಿಲ್ಲ. ಮೇಲಾಗಿ ಯಜಮಾನನೇ ಅಂದಿದ್ದ, ಪಟಗಳ ಪ್ರದರ್ಶನ ಮುಗಿಯಲಿ, ನಿಮ್ಮಕ್ಕನ ಮುಖ ಕಾಗದಕ್ಕೆ ಇಳಿಸಿ ಕೊಡುತ್ತೇನೆ ಅಂತ. ನಂಬಿದೆ. ಎರಡನೇ ಸಲ ನಂಬಿದೆ. ಅವ್ವನಿಗೆ ಗಾಜಲ್ಲ, ಗೋಡೆಗೆ ತೂಗುಹಾಕುವಂಥ ಪಟ ಒಯ್ಯಬೇಕು ಅಂತ ಆಸೆ. ಗುಲಾಮನಿಗೆ ಆಸೆ ಬೇರೆ.

ಪ್ರದರ್ಶನದ ದಿನ ಬೆಳಗ್ಗೆ ಯಜಮಾನನ ಮನೆಯ ಹಾಲ್‌ನಲ್ಲೇ ಏಣಿ ಹತ್ತಿ ಪಟಗಳನ್ನೆಲ್ಲ ತೂಗುಹಾಕಿದವನು ನಾನು. ಇಪ್ಪತ್ತೇಳನೆಯದು ಅಕ್ಕನದು. ಕಣ್ಣು ಮುಚ್ಚಿ ಮಲಗಿದ್ದಾಳೆ, ಡಾಕ್ಟರು ನಾಡಿ ಹಿಡಿದಿದ್ದಾರೆ. ಮೇಲೆ ಹಾಕಿದ್ದ ಗಾಜು ನಾನೇ ಕೆರೆದದ್ದು. ಕೆಳಗೆ ಒಂದು ಚೀಟಿ ಅಂಟಿಸಿದ್ದರು. ಮೇಲೆ ದೊರೆಗಳ ಭಾಷೆ, ಕೆಳಗೆ ನಮ್ಮದು. ಏಣಿಯ ಮೇಲೆ ನಿಂತೇ ಕೂಡಿಸಿ ಓದಿದೆ.

"ಪ್ಲೇಗು ತಗುಲಿದ ಹೆಂಗಸು. ಮನೆಯವರು ಬಚ್ಚಿಟ್ಟಿದ್ದರು. ವೈದ್ಯರು ಪತ್ತೆ ಹಚ್ಚಿದರು."

ಮತ್ತೆ ಓದಿದೆ. ಮನೆಯವರು ಬಚ್ಚಿಟ್ಟಿದ್ದರು. ಮನೆಯವರು ಅಂದರೆ ಅವ್ವ. ಮನೆಯವರು ಅಂದರೆ ನಾನು. ಬಾಗಿಲು ತೆರೆದು ಇವರನ್ನು ಒಳಗೆ ಕರೆದುಕೊಂಡು ಹೋದ ನಾನು.

ಅಕ್ಷರ ಯಜಮಾನನದೇ. ಆ ದುಂಡು ಅಕ್ಷರ ನನಗೆ ಗೊತ್ತು. ಒಂದು ಕಾಗದ ಬರೆಯಲು ಸಮಯವಿಲ್ಲದವನು ಇದನ್ನು ಕೂತು ಬರೆದಿದ್ದ.

ಏಣಿ ಇಳಿದೆ. ಕೆಲಸ ಪೂರ್ತಿ ಮಾಡಿದೆ. ಜನ ಬಂದರು, ಡಾಕ್ಟರು ಬಂದರು, ದೊರೆ ಬಂದ. ಕಾವಲುಗಾರ ಮುಂಬಾಗಿಲಲ್ಲಿ ಸಲಾಮು ಹೊಡೆಯಲು ಹೋದ. ನಾನು ಕತ್ತಲೆ ಕೋಣೆಗೆ ಹೋಗಿ ಅಟ್ಟದಿಂದ ಪ್ಲೇಟು ತೆಗೆದೆ. ಹೆಗಲಿನ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಹಿಂಬಾಗಿಲಿಗೆ ಬೀಗ. ಹಾಲ್ ದಾಟಿಯೇ ಹೋಗಬೇಕಿತ್ತು.

ಅಲ್ಲಿ ಅವನು ಕೂಗಿದ್ದು. ಚರಂಡಿ ಹುಳ.

"ಬಿಚ್ಚೋ!"

ಬಿಚ್ಚಿದೆ. ಗಾಜು ನೋಡಿ ಅವನಿಗೆ ಇನ್ನೂ ಧೈರ್ಯ ಬಂತು. "ನೋಡಿ, ನನ್ನ ಪ್ಲೇಟು! ಕದ್ದಿದಾನೆ! ಒಡೆದೋಯ್ತು ಅಂದಿದ್ದೆ ಅಲ್ವೇನೋ?"

ದೊರೆ ಗಾಜನ್ನು ಇಸಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಬಿಳಿ ಮುಖದ, ಕಪ್ಪು ಹಲ್ಲಿನ ದೆವ್ವ. ಮುಖ ಸಿಂಡರಿಸಿ ವಾಪಸ್ ಕೊಟ್ಟ.

ಹಿಂದೆ ಕಪ್ಪು ಬೇಕಿತ್ತು. ಯಜಮಾನ ಅವತ್ತು ಹೊಸ ಕೋಟು ತೊಟ್ಟಿದ್ದ. ಕಾಡಿಗೆಯ ಹಾಗಿತ್ತು ಅದರ ಬಣ್ಣ. ನಾನು ಎರಡು ಹೆಜ್ಜೆ ಇಟ್ಟು ಪ್ಲೇಟನ್ನು ಅವನ ಎದೆಗೆ ಒತ್ತಿ ಹಿಡಿದೆ. ಅವನು ಹಿಂದೆ ಸರಿದ. ಗೋಡೆ ಇತ್ತು.

ಕೋಟಿನ ಮೇಲೆ ಅಕ್ಕ ನಕ್ಕಳು.

ಹಲ್ಲೆಲ್ಲ ಬಿಟ್ಟು, ಹೆಗಲು ಸ್ವಲ್ಪ ಮಸುಕಾಗಿ, ಕಣ್ಣು ಚಿಕ್ಕದು ಮಾಡಿ ನಕ್ಕಳು. ಅದೇ ಚಾಪೆ. ಅದೇ ಮೂಲೆ ಹರಿದ ದುಪ್ಪಟಿ. ಅದೇ ಡಾಕ್ಟರು, ನಾಡಿ ಹಿಡಿದವರು ಅವರೂ ನಗು ತಡೆಯುತ್ತಿದ್ದಾರೆ. ದೊರೆ ಬಗ್ಗಿ ನೋಡಿದ. ಕತ್ತು ತಿರುಗಿಸಿ ಗೋಡೆಯ ಇಪ್ಪತ್ತೇಳನೇ ಪಟ ನೋಡಿದ. ಮತ್ತೆ ಕೋಟು ನೋಡಿದ. ಹಿಂದಿನಿಂದ ಜನ ಕತ್ತು ಉದ್ದ ಮಾಡಿದರು. ಗಡ್ಡೆ ಇರಬೇಕು ಅಂದವನೂ ಕತ್ತು ಉದ್ದ ಮಾಡಿದ. ಡಾಕ್ಟರು ಯಾವ ಮಾಯದಲ್ಲೋ ಜಾಗ ಖಾಲಿ ಮಾಡಿದ್ದರು.

"ನಗುತ್ತಾಳೆ?" ಅಂದ ದೊರೆ. ಅವನಿಗೆ ನಮ್ಮ ಭಾಷೆ ನಾಲ್ಕೈದು ಮಾತು ಬರುತ್ತಿತ್ತು. "ಪ್ಲೇಗು... ನಗುತ್ತಾಳೆ?"

ಮೂಗಿಗೆ ಹಿಡಿದ ಕರವಸ್ತ್ರಗಳು ಕೆಳಗಿಳಿದವು.

ಯಜಮಾನನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಗಾಜಿನ ಮೂಲಕ ನನ್ನ ಬೆರಳಿಗೆ ತಿಳಿಯುತ್ತಿತ್ತು. ಬಾಯಿ ನನ್ನ ಕಿವಿಗೆ ತಂದ. ಹಳೆಯ ದನಿ, ಬೆನ್ನು ತಟ್ಟಿದ ದಿನದ ದನಿ.

"ಮಗಾ, ನನ್ನ ಮಾನ ಉಳಿಸು. ಅವಳಿಗೆ ಕಾಯಿಲೆ ಇತ್ತು, ಜ್ವರದ ಭ್ರಮೆಗೆ ನಗ್ತಿದ್ಲು ಅಂತ ಒಂದು ಮಾತು ಹೇಳು. ಒಂದೇ ಮಾತು. ಈ ನಗುವನ್ನೇ ಕಾಗದಕ್ಕೆ ಇಳಿಸಿ ಕೊಡ್ತೀನಿ. ದೊಡ್ಡದು, ಚೌಕಟ್ಟು ಹಾಕಿಸಿ. ನಿಮ್ಮವ್ವನಿಗೆ. ಏನಂತೀಯ?"

ಒಂದೇ ಮಾತು. ಅವನ ಬೂಟಿನ ಮೇಲೆ ಹಣೆ ಇಟ್ಟು ನಾನು ಕೇಳಿದ್ದೂ ಅಷ್ಟೇ.

ದೊರೆ ನನ್ನನ್ನೇ ನೋಡುತ್ತಿದ್ದ. ಯಜಮಾನ ನನ್ನನ್ನೇ ನೋಡುತ್ತಿದ್ದ. ನಾನು ಬಾಯಿ ತೆರೆದು ನಿಜ ಹೇಳಬಹುದಿತ್ತು. ಯಾರಿಗೆ ಹೇಳಲಿ? ಬೀದಿಯ ನಡುವೆ ಅವಳ ಕಂಕುಳು ತಡವಿ ಏನೂ ಇಲ್ಲ ಅಂತ ಕಂಡೂ ಗಾಡಿಗೆ ಹಾಕಿದವರಿಗೇ? ಅವರಿಗೆ ಗೊತ್ತಿಲ್ಲದ್ದು ನನ್ನ ಹತ್ತಿರ ಏನಿತ್ತು?

ಪ್ಲೇಟನ್ನು ಅವನ ಎದೆಯಿಂದ ತೆಗೆದೆ. ಅಕ್ಕ ಗಾಜಿನೊಳಗೆ ಹೋದಳು. ಬಟ್ಟೆಯಲ್ಲಿ ಸುತ್ತಿದೆ, ಒಂದು ಸುತ್ತು, ಎರಡು ಸುತ್ತು. ಕಂಕುಳಲ್ಲಿ ಇಟ್ಟುಕೊಂಡೆ. ಬಾಗಿಲ ಕಡೆ ತಿರುಗಿದೆ. ಜನ ಮೈ ತಾಗದ ಹಾಗೆ ದಾರಿ ಬಿಟ್ಟರು. ಕಾವಲುಗಾರ ಕೈ ಅಡ್ಡ ತಂದ, ದೊರೆಯ ಮುಖ ನೋಡಿದ, ಕೈ ಇಳಿಸಿದ.

ನಮ್ಮ ಮನೆಯ ಒಂದು ಗೋಡೆ ಇನ್ನೂ ಕಪ್ಪಗಿದೆ. ಇವರೇ ಸುಟ್ಟು ಕಪ್ಪು ಮಾಡಿದ್ದು. ಅವ್ವನನ್ನು ಅದರ ಎದುರು ಕೂರಿಸಿ ಗಾಜನ್ನು ಆ ಮಸಿಗೆ ಒತ್ತಿ ಹಿಡಿದರೆ ಸಾಕು. ಇವನ ಕಾಗದ ಬೇಡ.

ಮೆಟ್ಟಿಲು ಇಳಿಯುವಾಗ ತಲೆಯ ಮೇಲೆ ಪೆಟ್ಟಿಗೆ ಇರಲಿಲ್ಲ. ಕತ್ತು ತಾನಾಗಿ ಮೇಲೆ ಬಂತು.

"ಏಯ್! ನಿಲ್ಲು!" ಹಿಂದಿನಿಂದ ಯಜಮಾನ ಕೂಗಿದ. ಗಂಟಲು ಒಡೆದಿತ್ತು. "ಅಲ್ಲಾಡಬೇಡ! ಅಲ್ಲೇ ನಿಲ್ಲು!"

ನಾನು ಬೀದಿ ತಿರುಗಿದೆ.